ಓದುಗರ ಪ್ರಶ್ನೆ: ದೊಡ್ಡವರು ‘ನನಗೆ ಗೊತ್ತೇ ಇರಲಿಲ್ಲ’ ಅಂದರೆ ನಂಬಬೇಕಾ?

ಹೋದ ಸಂಚಿಕೆಯಲ್ಲಿ ಅಧಿಕಾರದಲ್ಲಿರುವವರ ಹೊಣೆಗಾರಿಕೆ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಇಷ್ಟೊಂದು ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವು ಕಾಗದಗಳಲ್ಲಿ ಪ್ರಶ್ನೆಯೇ ಇಲ್ಲ, ಬರೀ ಬೈಗುಳ. ಅವನ್ನು ಪಕ್ಕಕ್ಕಿಟ್ಟಿದ್ದೇನೆ. ಬೈದದ್ದು ತಪ್ಪು ಅಂತಲ್ಲ, ಬೈಗುಳಕ್ಕೆ ಉತ್ತರ ಬರೆಯೋದು ಹೇಗೆ ಅಂತ ತಿಳಿಯಲಿಲ್ಲ. ಹೆಸರು ಹಾಕಬೇಡಿ ಅಂತ ಬಹಳ ಜನ ಕೇಳಿದ್ದರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಸರ್, ಯಾವ ಹಗರಣ ಹೊರಗೆ ಬಂದರೂ ಮೇಲಿನವರ ಮೊದಲ ಮಾತು ‘ಇದು ನನಗೆ ಗೊತ್ತೇ ಇರಲಿಲ್ಲ’. ಮಂತ್ರಿಗಳೂ ಅದನ್ನೇ ಹೇಳುತ್ತಾರೆ, ಕಂಪನಿ ಮುಖ್ಯಸ್ಥರೂ ಅದನ್ನೇ ಹೇಳುತ್ತಾರೆ. ನಿಜವಾಗಿಯೂ ಗೊತ್ತಿರೋದಿಲ್ವಾ, ಅಥವಾ ನಮ್ಮನ್ನು ಮಂಗ ಮಾಡುತ್ತಿದ್ದಾರಾ?

ಉತ್ತರ: ಎಷ್ಟೋ ಸಲ ನಿಜವಾಗಿಯೂ ಗೊತ್ತಿರುವುದಿಲ್ಲ. ಗೊತ್ತಾಗದ ಹಾಗೆ ವ್ಯವಸ್ಥೆ ಮಾಡಿಕೊಂಡಿರುತ್ತಾರೆ. ಇದು ಹೇಗೆ ಅಂತ ನನ್ನದೇ ಒಂದು ಕತೆ ಹೇಳುತ್ತೇನೆ.

ಬರವಣಿಗೆಗೆ ಬರುವ ಮೊದಲು ನಾನು ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಸಂಜೆ ನಾಲ್ಕೂವರೆಗೆ ಸಾಹೇಬರ ಮೇಜಿಗೆ ಫೈಲು ಹೋಗಬೇಕು. ಫೈಲು ಜೋಡಿಸುವುದು ನನ್ನ ಕೆಲಸ. ಸಹಿ ಬೀಳಬೇಕಾದ ಪ್ರತಿ ಪುಟದ ಅಂಚಿಗೆ ಒಂದು ಹಳದಿ ಚೀಟಿ ಅಂಟಿಸುತ್ತಿದ್ದೆ. ಸಾಹೇಬರು ಚೀಟಿ ಇದ್ದಲ್ಲಿ ಮಾತ್ರ ಪುಟ ತಿರುಗಿಸುವರು, ಸಹಿ ಹಾಕುವರು, ಮುಂದಿನ ಚೀಟಿಗೆ ಹೋಗುವರು. ಇಪ್ಪತ್ತು ಸಹಿಗೆ ಮೂರು ನಿಮಿಷ. ಒಂದು ದಿನ ಒಂದು ಬಿಲ್ಲಿನಲ್ಲಿ ಅದೇ ಸಾಮಾನು ಎರಡು ಸಲ ಬಂದಿತ್ತು. ‘ಸರ್, ಇದೊಂದು ಸ್ವಲ್ಪ ನೋಡಿ’ ಅಂದೆ. ಅವರು ತಲೆ ಎತ್ತದೆ, ‘ನೋಡಿದರೆ ಗೊತ್ತಾಗಿಬಿಡುತ್ತಲ್ಲಪ್ಪಾ’ ಅಂದರು. ನಕ್ಕರು. ನಾನೂ ನಕ್ಕೆ. ಬಿಲ್ಲು ಪಾಸಾಯಿತು. ಚೀಟಿ ಅಂಟಿಸಿದ್ದು ನಾನೇ, ಅದನ್ನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಯಾರಾದರೂ ದೊಡ್ಡವರು ಗೊತ್ತಿರಲಿಲ್ಲ ಅಂದಾಗ ನನಗೆ ಆ ಹಳದಿ ಚೀಟಿ ನೆನಪಾಗುತ್ತದೆ. ಮೇಲೆ ಕೂತವರಿಗೆ ವಿಷಯ ತಲುಪದೆ ಇರೋದು ತಾನಾಗಿ ಆಗುವ ಕೆಲಸವಲ್ಲ. ಕೆಟ್ಟ ಸುದ್ದಿ ಇದ್ದರೆ ಬಾಯಲ್ಲಿ ಹೇಳಿ, ಬರೆದು ಕಳಿಸಬೇಡಿ ಅನ್ನುವುದು, ಸಭೆಯ ನಡಾವಳಿಯಲ್ಲಿ ‘ವಿಷಯವನ್ನು ಚರ್ಚಿಸಲಾಯಿತು’ ಅಂತ ಒಂದೇ ಸಾಲು ಬರೆಸುವುದು, ಪದೇ ಪದೇ ಪ್ರಶ್ನೆ ಕೇಳುವವನನ್ನು ಮುಂದಿನ ಸಭೆಗೆ ಕರೆಯುವುದನ್ನೇ ಮರೆಯುವುದು, ಇದನ್ನೆಲ್ಲ ದಿನಾ ಯಾರೋ ಕೂತು ಮಾಡುತ್ತಿರುತ್ತಾರೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅಂತೀವಲ್ಲ, ಇಲ್ಲಿ ಬೆಕ್ಕಿನ ಕಣ್ಣು ಮುಚ್ಚೋದಕ್ಕೆ ಸಂಬಳ ಕೊಟ್ಟು ಜನ ಇಟ್ಟಿರುತ್ತಾರೆ.

1973ರಲ್ಲಿ ಅಮೆರಿಕದಲ್ಲಿ ವಾಟರ್‌ಗೇಟ್ ಹಗರಣದ, ಅಂದರೆ ವಿರೋಧ ಪಕ್ಷದ ಕಚೇರಿಗೆ ಕಳ್ಳತನದಿಂದ ನುಗ್ಗಿ ಆಮೇಲೆ ಅದನ್ನು ಮುಚ್ಚಿಹಾಕಲು ನೋಡಿದ ಪ್ರಕರಣದ ವಿಚಾರಣೆ ನಡೆಯುವಾಗ ಸೆನೆಟರ್ ಹೊವಾರ್ಡ್ ಬೇಕರ್ ಕೇಳಿದ ಪ್ರಶ್ನೆ ಪ್ರಸಿದ್ಧ. ಅಧ್ಯಕ್ಷರಿಗೆ ಏನು ಗೊತ್ತಿತ್ತು, ಮತ್ತು ಅದು ಯಾವಾಗ ಗೊತ್ತಾಯಿತು? ಬೇಕರ್ ಅಧ್ಯಕ್ಷ ನಿಕ್ಸನ್ ಅವರ ಪಕ್ಷದವರೇ. ಆ ಪ್ರಶ್ನೆಗೆ ಕೊನೆಗೆ ಉತ್ತರ ಕೊಟ್ಟಿದ್ದು ಮನುಷ್ಯರ ಬಾಯಿಗಿಂತ ಹೆಚ್ಚಾಗಿ ನಿಕ್ಸನ್ ತಮ್ಮ ಕಚೇರಿಯಲ್ಲಿ ತಾವೇ ಮಾಡಿಸಿಟ್ಟಿದ್ದ ಟೇಪುಗಳು. 1974ರ ಆಗಸ್ಟ್‌ನಲ್ಲಿ ಅವರು ರಾಜೀನಾಮೆ ಕೊಟ್ಟು ಹೋದರು. ಒಂದು ಟೇಪಿನಲ್ಲಿ ಹದಿನೆಂಟೂವರೆ ನಿಮಿಷ ಅಳಿಸಿಹೋಗಿತ್ತು. ಅದರಲ್ಲಿ ಏನಿತ್ತು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ.

ಕೋರ್ಟುಗಳಿಗೂ ಈ ಆಟ ಅರ್ಥವಾಗಿದೆ. ಸುಳ್ಳು ಲೆಕ್ಕ ತೋರಿಸುತ್ತಿದ್ದ ಅಮೆರಿಕದ ಇಂಧನ ಕಂಪನಿ ಎನ್ರಾನ್ ಮುಳುಗಿದ್ದು 2001ರ ಡಿಸೆಂಬರ್‌ನಲ್ಲಿ. ಅದಕ್ಕೆ ಕೆಲವು ತಿಂಗಳು ಮೊದಲೇ, ಆಗಸ್ಟ್‌ನಲ್ಲಿ, ಕಂಪನಿಯ ಉಪಾಧ್ಯಕ್ಷೆ ಶೆರನ್ ವಾಟ್ಕಿನ್ಸ್ ಮುಖ್ಯಸ್ಥ ಕೆನ್ನೆತ್ ಲೇ ಅವರಿಗೆ ಕಾಗದ ಬರೆದು, ಲೆಕ್ಕದ ಹಗರಣದಲ್ಲಿ ನಾವು ಕುಸಿದು ಬೀಳುತ್ತೇವೇನೋ ಅಂತ ಎಚ್ಚರಿಸಿದ್ದರು. 2006ರ ವಿಚಾರಣೆಯಲ್ಲಿ ನ್ಯಾಯಾಧೀಶರು ಜ್ಯೂರಿಗೆ ಒಂದು ಮಾತು ಹೇಳಿದರು. ಕಣ್ಣೆದುರಿಗೆ ಇದ್ದದ್ದನ್ನು ಒಬ್ಬ ಬೇಕಂತಲೇ ನೋಡದೆ ಇದ್ದರೆ, ಅವನಿಗೆ ಗೊತ್ತಿತ್ತು ಅಂತಲೇ ನೀವು ಲೆಕ್ಕ ಹಿಡಿಯಬಹುದು. ಲೇ ತಪ್ಪಿತಸ್ಥ ಅಂತ ತೀರ್ಪು ಬಂತು. ಶಿಕ್ಷೆ ಪ್ರಕಟವಾಗುವ ಮೊದಲೇ ಅವರು ತೀರಿಕೊಂಡರು, ಹಾಗಾಗಿ ಆ ತೀರ್ಪೂ ರದ್ದಾಯಿತು. ಕಾನೂನು ಹಾಗಿದೆ.

ಪ್ರಶ್ನೆ: ಕೆಳಗಿನ ಅಧಿಕಾರಿ ಮಾಡಿದ ತಪ್ಪಿಗೆ ಮಂತ್ರಿ ಯಾಕೆ ರಾಜೀನಾಮೆ ಕೊಡಬೇಕು? ರೈಲು ಓಡಿಸೋದು ಮಂತ್ರಿಯೇನಲ್ಲವಲ್ಲ. ಇದು ಸುಮ್ನೆ ನಾಟಕ ಅನ್ನಿಸುತ್ತದೆ.

ಉತ್ತರ: ರೈಲು ಅಂದಿರಿ, ಅಲ್ಲಿಂದಲೇ ಶುರು ಮಾಡೋಣ. 1956ರ ನವೆಂಬರ್‌ನಲ್ಲಿ ಈಗಿನ ತಮಿಳುನಾಡಿನ ಅರಿಯಲೂರು ಬಳಿ ಮಳೆ ನೀರಿಗೆ ಸೇತುವೆ ಕೊಚ್ಚಿಹೋಗಿ ರೈಲು ಬಿತ್ತು. 140ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಮಂತ್ರಿ ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು. ಅದೇ ವರ್ಷ ಮೆಹಬೂಬ್‌ನಗರದ ಅಪಘಾತವಾದಾಗಲೂ ಕೊಟ್ಟಿದ್ದರು, ಆಗ ನೆಹರೂ ಒಪ್ಪಿರಲಿಲ್ಲ. ಎರಡನೆಯ ಸಲ ಒಪ್ಪಿಕೊಂಡ ನೆಹರೂ ಸಂಸತ್ತಿನಲ್ಲಿ ಹೇಳಿದ್ದು, ತಪ್ಪು ಶಾಸ್ತ್ರಿಯವರದು ಅಂತ ಅಲ್ಲವೇ ಅಲ್ಲ, ಇದೊಂದು ಮೇಲ್ಪಂಕ್ತಿಯಾಗಲಿ ಅಂತ. ನಿಮ್ಮ ಮಾತು ಸರಿ, ಸೇತುವೆ ಕಟ್ಟಿದ್ದು ಅವರಲ್ಲ. ಆದರೆ ಸೇತುವೆಗಳನ್ನು ನೋಡಿಕೊಳ್ಳುವ ಇಲಾಖೆಯ ತುದಿಯಲ್ಲಿ ಒಂದು ಕುರ್ಚಿ ಇದೆ. ಹೊಸ ರೈಲಿಗೆ ಹಸಿರು ಬಾವುಟ ತೋರಿಸುವ ದಿನ ಆ ಕುರ್ಚಿಯವರು ಬಂದು ನಿಲ್ಲುತ್ತಾರೆ, ಅಲ್ವಾ? ರೈಲು ಓಡಿಸದವರು ಹಾರ ಹಾಕಿಸಿಕೊಳ್ಳಬಹುದಾದರೆ ಅದರ ಇನ್ನೊಂದು ಬದಿಯನ್ನೂ ಹೊರಬೇಕು.

ಆದರೆ ನನಗೆ ಇದಕ್ಕಿಂತ ಇಷ್ಟವಾದ ಪ್ರಸಂಗ ಬೇರೆ ಇದೆ. ಅದನ್ನು ಜನ ಜಾಸ್ತಿ ನೆನಪಿಸಿಕೊಳ್ಳುವುದಿಲ್ಲ. 1957ರಲ್ಲಿ ಆಗಷ್ಟೇ ಹುಟ್ಟಿದ್ದ ಜೀವ ವಿಮಾ ನಿಗಮ ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗೆ ಕೊಂಡಿತು. ಕಂಪನಿಗಳ ಸ್ಥಿತಿ ಚೆನ್ನಾಗಿರಲಿಲ್ಲ. ಲೋಕಸಭೆಯಲ್ಲಿ ಇದನ್ನು ಎತ್ತಿ ಹಿಡಿದು ಕೇಳಿದ್ದು ಫಿರೋಜ್ ಗಾಂಧಿ. ಆಳುವ ಪಕ್ಷದವರೇ, ಮೇಲಾಗಿ ಪ್ರಧಾನಿಯ ಅಳಿಯ. ಮನೆಯಲ್ಲಿ ಊಟಕ್ಕೆ ಕೂತಾಗ ಏನು ಮಾತಾಡಿದರೋ ಅಂತ ನನಗೆ ಆಗಾಗ ಕುತೂಹಲ. ಇರಲಿ. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಒಬ್ಬರೇ ವಿಚಾರಣೆ ಮಾಡಿದರು, ಬಾಗಿಲು ತೆರೆದಿಟ್ಟು. ಜನ ಎಷ್ಟು ಸೇರಿದರು ಅಂದರೆ ಹೊರಗೆ ನಿಂತವರಿಗೆ ಕೇಳಲಿ ಅಂತ ಧ್ವನಿವರ್ಧಕ ಹಾಕಬೇಕಾಯಿತು. ವರ್ಷಗಟ್ಟಲೆ ಎಳೆಯಲಿಲ್ಲ, ಒಂದು ತಿಂಗಳೊಳಗೆ ವರದಿ ಬಂತು.

ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರ ವಾದ ನಿಮ್ಮ ಪ್ರಶ್ನೆಯ ಹಾಗೇ ಇತ್ತು: ಮಾಡಿದ್ದು ನನ್ನ ಕಾರ್ಯದರ್ಶಿ, ನನ್ನ ಒಪ್ಪಿಗೆ ಇರಲಿಲ್ಲ. ಛಾಗ್ಲಾ ಒಪ್ಪಲಿಲ್ಲ. ಕಾರ್ಯದರ್ಶಿ ಮಾಡಿದ ಕೆಲಸಕ್ಕೆ ಸಂವಿಧಾನದ ಪ್ರಕಾರ ಮಂತ್ರಿಯೇ ಹೊಣೆ, ಅಧಿಕಾರಿಯ ಬೆನ್ನ ಹಿಂದೆ ಅಡಗುವ ಹಾಗಿಲ್ಲ ಅಂದರು. ಯೋಚಿಸಿ ನೋಡಿ. ಬೇಕರ್ ಕೇಳಿದ್ದು ‘ಏನು ಗೊತ್ತಿತ್ತು’ ಅಂತ. ಛಾಗ್ಲಾ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಗೊತ್ತಿರಲಿಲ್ಲ ಅನ್ನೋದು ಇಲ್ಲಿ ಉತ್ತರವೇ ಅಲ್ಲ ಅಂದುಬಿಟ್ಟರು.

ಕೃಷ್ಣಮಾಚಾರಿ 1958ರ ಫೆಬ್ರವರಿಯಲ್ಲಿ ಹೋದರು. ನಾಲ್ಕು ವರ್ಷದ ಮೇಲೆ ಮತ್ತೆ ಮಂತ್ರಿಯಾದರು, ಆಮೇಲೆ ಮತ್ತೆ ಹಣಕಾಸು ಖಾತೆಯನ್ನೇ ಹಿಡಿದರು. ನಾಟಕ ಅಂದಿರಲ್ಲ, ಈ ಭಾಗ ನೋಡಿದರೆ ನಿಮ್ಮ ಅನುಮಾನಕ್ಕೂ ಜಾಗ ಇದೆ. ಬಿಡುವುದು ಸುಲಭ, ಬಾಗಿಲು ಎಷ್ಟು ದಿನ ಮುಚ್ಚಿರುತ್ತದೆ ಅನ್ನೋದನ್ನು ಯಾರೂ ಬರೆದಿಟ್ಟಿರುವುದಿಲ್ಲ.

ಪ್ರಶ್ನೆ: ಅಧಿಕಾರ ಮನುಷ್ಯನನ್ನು ಕೆಡಿಸುತ್ತದಾ, ಅಥವಾ ಕೆಟ್ಟವರೇ ಅಧಿಕಾರಕ್ಕೆ ಬರುತ್ತಾರಾ?

ಉತ್ತರ: ನಾನು ನೋಡಿದ ಮಟ್ಟಿಗೆ ಮೊದಲು ಕೆಡೋದು ಸುತ್ತಲಿನವರು. ಸಾಹೇಬರ ಜೋಕು ಚೆನ್ನಾಗಿಲ್ಲದಿದ್ದರೂ ನಗುತ್ತಾರೆ. ಹತ್ತು ವರ್ಷ ಆ ನಗು ಕೇಳಿದ ಮೇಲೆ ತಾನು ನಿಜಕ್ಕೂ ತಮಾಷೆಯ ಮನುಷ್ಯ ಅಂತ ಯಾರಿಗಾದರೂ ಅನ್ನಿಸುತ್ತದೆ.

ಪ್ರಶ್ನೆ: ನಾನು ಮಾರಾಟ ವಿಭಾಗದಲ್ಲಿ ಕೆಲಸ ಮಾಡುವವಳು. ಟಾರ್ಗೆಟ್ ಮುಟ್ಟಿಸೋಕೆ ಆಗಲ್ಲ ಅಂತ ಎಲ್ಲರಿಗೂ ಗೊತ್ತು, ಟಾರ್ಗೆಟ್ ಕೊಟ್ಟವರಿಗೂ ಗೊತ್ತು. ಯಾರಾದರೂ ಅಡ್ಡದಾರಿ ಹಿಡಿದು ಸಿಕ್ಕಿಬಿದ್ದರೆ ಅವರನ್ನು ಮಾತ್ರ ಮನೆಗೆ ಕಳಿಸುತ್ತಾರೆ. ಇದಕ್ಕೆ ಏನು ಹೇಳುತ್ತೀರಿ?

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನೀವು ಹೇಳಿದ್ದನ್ನು ಹಾಗೇ ದೊಡ್ಡದು ಮಾಡಿ ನೋಡಿದರೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಕಾಣುತ್ತದೆ. ಒಬ್ಬೊಬ್ಬ ಗ್ರಾಹಕನ ಹತ್ತಿರವೂ ನಮ್ಮ ಎಂಟು ಖಾತೆ, ಕಾರ್ಡು, ಸಾಲ ಏನಾದರೂ ಇರಬೇಕು ಅನ್ನೋದು ಅಲ್ಲಿಯ ಮಂತ್ರ. ಯಾಕೆ ಎಂಟು? ಇಂಗ್ಲಿಷಿನಲ್ಲಿ ಅದು ಪ್ರಾಸಕ್ಕೆ ಕೂರುತ್ತಿತ್ತು, ‘ಏಯ್ಟ್ ಈಸ್ ಗ್ರೇಟ್’ ಅಂತ. ಪ್ರಾಸಕ್ಕೋಸ್ಕರ ಜನರ ಹೊಟ್ಟೆ ಮೇಲೆ ಹೊಡೆದ ಕತೆ ಇದು. ದಿನದಲ್ಲಿ ಎಷ್ಟೋ ಸಲ ಶಾಖೆಗಳಿಂದ ಲೆಕ್ಕ ಕೇಳುತ್ತಿದ್ದರು. ಇವತ್ತಿನದು ಮುಗಿಯದಿದ್ದರೆ ಬಾಕಿ ನಾಳೆಗೆ ಸೇರುತ್ತಿತ್ತು. ಕೊನೆಗೆ ನೌಕರರು ಗ್ರಾಹಕರನ್ನು ಕೇಳದೆಯೇ ಅವರ ಹೆಸರಲ್ಲಿ ಖಾತೆ ತೆರೆಯತೊಡಗಿದರು. 2016ರಲ್ಲಿ ಹೊರಬಿದ್ದಾಗ ಅಂಥ ಖಾತೆಗಳ ಅಂದಾಜು 20 ಲಕ್ಷ, ಆಮೇಲೆ ಲೆಕ್ಕ 35 ಲಕ್ಷದವರೆಗೆ ಹೋಯಿತು.

ಬ್ಯಾಂಕು ಆಗ ಹೆಮ್ಮೆಯಿಂದ ಹೇಳಿಕೊಂಡಿದ್ದೇನು ಗೊತ್ತಾ? ನಾವು ಐದು ವರ್ಷದಲ್ಲಿ 5,300 ನೌಕರರನ್ನು ಕೆಲಸದಿಂದ ತೆಗೆದಿದ್ದೇವೆ, ನೋಡಿ ನಮ್ಮ ಶಿಸ್ತು ಅಂತ! ಒಂದೇ ತಪ್ಪನ್ನು ಐದು ಸಾವಿರ ಜನ ಬೇರೆ ಬೇರೆ ಊರಲ್ಲಿ ಕೂತು ಮಾಡುತ್ತಿದ್ದಾರೆ ಅಂದರೆ ಆ ತಪ್ಪಿನ ಕಾರ್ಖಾನೆ ಎಲ್ಲಿದೆ ಅಂತ ಕೇಳಬೇಕಾಗಿತ್ತು. ಅಮೆರಿಕದ ಸೆನೆಟ್ ಸಮಿತಿಯವರು ಬ್ಯಾಂಕಿನ ಮುಖ್ಯಸ್ಥ ಜಾನ್ ಸ್ಟಂಫ್ ಅವರನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದೂ ಅದನ್ನೇ. ಸ್ಟಂಫ್ ಕೆಲವೇ ವಾರದಲ್ಲಿ ಕೆಲಸ ಬಿಟ್ಟರು, ಆಮೇಲೆ ಬ್ಯಾಂಕಿನ ಮಂಡಳಿ ಅವರ ಸಂಭಾವನೆಯಲ್ಲಿ ಕೋಟಿಗಟ್ಟಲೆ ಡಾಲರ್ ವಾಪಸು ಕಿತ್ತುಕೊಂಡಿತು. 2020ರಲ್ಲಿ ಬ್ಯಾಂಕುಗಳ ಮೇಲೆ ಕಣ್ಣಿಡುವ ಸರ್ಕಾರಿ ಇಲಾಖೆಯವರು ಅವರ ಕೈಯಿಂದಲೇ 1.75 ಕೋಟಿ ಡಾಲರ್ ದಂಡ ಕಟ್ಟಿಸಿ, ಇನ್ನು ಜೀವಮಾನದಲ್ಲಿ ಬ್ಯಾಂಕ್ ಉದ್ಯಮಕ್ಕೆ ಕಾಲಿಡುವ ಹಾಗಿಲ್ಲ ಅಂದರು. ಇದು ಅಪರೂಪ. ಸಾಮಾನ್ಯವಾಗಿ ದಂಡ ಕಟ್ಟೋದು ಕಂಪನಿ, ಅಂದರೆ ಷೇರು ಹಿಡಿದವರು.

ನಿಮಗೆ ನಾನು ಹೇಳುವುದು ಒಂದೇ. ಟಾರ್ಗೆಟ್ ಯಾರು ಕೊಟ್ಟರು, ಎಷ್ಟು ಕೊಟ್ಟರು, ಆಗಲ್ಲ ಅಂತ ನೀವು ಯಾವತ್ತು ಹೇಳಿದಿರಿ, ಇದನ್ನು ತಾರೀಖು ಸಮೇತ ನಿಮ್ಮದೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಬಂದ ಒತ್ತಡಕ್ಕೆ ಸಾಕ್ಷಿ ಇರುವುದಿಲ್ಲ.

ಪ್ರಶ್ನೆ: ನಮ್ಮ ಕಂಪನಿಯಲ್ಲಿ ನೀತಿಸಂಹಿತೆ ಅಂತ ದಪ್ಪ ಪುಸ್ತಕ ಇದೆ. ವರ್ಷಕ್ಕೊಮ್ಮೆ ಓದಿದ್ದೇವೆ ಅಂತ ಗುರುತು ಹಾಕಬೇಕು. ಇದರಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ಎನ್ರಾನ್ ಹತ್ತಿರವೂ ಇತ್ತು. 2000ದ ಇಸವಿಯದು 64 ಪುಟ, ಮುನ್ನುಡಿ ಕೆನ್ನೆತ್ ಲೇ ಅವರದು. ಗೌರವ, ಪ್ರಾಮಾಣಿಕತೆ ಎಲ್ಲ ಅದರಲ್ಲಿತ್ತು. ನನಗೆ ಮಜಾ ಅನ್ನಿಸೋದು ಇನ್ನೊಂದು ವಿಷಯ. ಕಂಪನಿಯ ಹಣಕಾಸು ಮುಖ್ಯಸ್ಥ ಆಂಡ್ರ್ಯೂ ಫಾಸ್ಟೋ ತಾನೇ ನಡೆಸುವ ಪಾಲುದಾರಿಕೆ ಸಂಸ್ಥೆಗಳ ಜೊತೆ ಎನ್ರಾನ್ ವ್ಯವಹಾರ ಮಾಡಬೇಕಾಗಿತ್ತು, ಅದಕ್ಕೆ ನೀತಿಸಂಹಿತೆ ಅಡ್ಡ ಬರುತ್ತಿತ್ತು. 1999ರಲ್ಲಿ ನಿರ್ದೇಶಕರ ಮಂಡಳಿ ಕೂತು, ಈ ವಿಷಯಕ್ಕೆ ಆ ನಿಯಮ ಬೇಡ ಅಂತ ಶಿಸ್ತಾಗಿ ನಿರ್ಣಯ ಮಾಡಿತು. ಕದ್ದುಮುಚ್ಚಿ ಮುರಿಯಲಿಲ್ಲ, ನಡಾವಳಿಯಲ್ಲಿ ಬರೆದೇ ಬದಿಗಿಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂದರೆ ಇದು.

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂಗೆ 2008ರಲ್ಲಿ ಒಳ್ಳೆಯ ಕಾರ್ಪೊರೇಟ್ ಆಡಳಿತಕ್ಕೆ ಅಂತಲೇ ಪ್ರಶಸ್ತಿ ಬಂದಿತ್ತು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಕಾಗದ ಬರೆದು, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂದರು. ಹುಲಿ ಸವಾರಿ ಮಾಡುತ್ತಿದ್ದೆ, ಅದರ ಬಾಯಿಗೆ ಬೀಳದೆ ಇಳಿಯೋದು ಹೇಗೆ ಅಂತ ತಿಳಿಯಲಿಲ್ಲ ಅನ್ನುವ ಅರ್ಥದ ಮಾತು ಅದರಲ್ಲಿದೆ. ಕಾಗದ ಚೆನ್ನಾಗಿ ಬರೆದಿದ್ದರು, ಅದನ್ನು ಒಪ್ಪಬೇಕು. ಪ್ರಶಸ್ತಿಯನ್ನು ವಾಪಸು ಪಡೆದರು.

ಪುಸ್ತಕ ಪೂರ್ತಿ ನಿರುಪಯೋಗಿ ಅಂತ ನಾನು ಹೇಳುವುದಿಲ್ಲ. ತಪ್ಪು ಮಾಡು ಅಂದಾಗ ತೋರಿಸೋದಕ್ಕೆ ಒಂದು ಪುಟ ಇರುತ್ತದೆ. ಆದರೆ ಎನ್ರಾನ್ ಆದ ಮೇಲೆ 2002ರಲ್ಲಿ ಅಮೆರಿಕ ಮಾಡಿದ ಸಾರ್ಬೇನ್ಸ್–ಆಕ್ಸ್‌ಲಿ ಕಾನೂನು ನೀತಿಯ ಪುಸ್ತಕ ದಪ್ಪ ಮಾಡುವುದಕ್ಕಿಂತ ಚುರುಕಾದ ಒಂದು ಕೆಲಸ ಮಾಡಿತು. ಕಂಪನಿಯ ಲೆಕ್ಕ ಸರಿ ಇದೆ ಅಂತ ಮುಖ್ಯಸ್ಥ ಮತ್ತು ಹಣಕಾಸು ಮುಖ್ಯಸ್ಥ ತಮ್ಮ ಹೆಸರಲ್ಲೇ ಸಹಿ ಹಾಕಬೇಕು. ಗೊತ್ತಿದ್ದೂ ಬೇಕಂತಲೇ ಸುಳ್ಳು ಸಹಿ ಹಾಕಿದರೆ 20 ವರ್ಷದವರೆಗೂ ಜೈಲು. ನನ್ನ ಹಳೆಯ ಸಾಹೇಬರಿಗೆ ಇಂಥದ್ದೊಂದು ಇದ್ದಿದ್ದರೆ ಹಳದಿ ಚೀಟಿ ಇಲ್ಲದ ಪುಟಗಳನ್ನೂ ತಿರುಗಿಸುತ್ತಿದ್ದರೋ ಏನೋ.

ಪ್ರಶ್ನೆ: ಕೋಟಿ ಕೋಟಿ ನುಂಗಿದವರನ್ನು ಬಿಟ್ಟು ಸಣ್ಣಪುಟ್ಟದ್ದಕ್ಕೆ ಯಾಕೆ ಗಲಾಟೆ ಮಾಡುತ್ತಾರೆ? ಒಂದು ದೇಶದಲ್ಲಿ ಚಾಕೊಲೇಟಿಗೆ ಮಂತ್ರಿ ಹುದ್ದೆ ಹೋಯಿತಂತೆ, ನಿಜವಾ?

ಉತ್ತರ: ಸ್ವೀಡನ್, 1995. ಉಪಪ್ರಧಾನಿ ಮೋನಾ ಸಾಹ್ಲಿನ್ ಮುಂದಿನ ಪ್ರಧಾನಿ ಅಂತಲೇ ಎಲ್ಲರ ಲೆಕ್ಕ. ಸರ್ಕಾರದ ಕಾರ್ಡಿನಲ್ಲಿ ಸ್ವಂತದ ಖರೀದಿ ಮಾಡಿದ್ದು ಹೊರಗೆ ಬಂತು. ಪಟ್ಟಿಯಲ್ಲಿ ಟೊಬ್ಲೆರೋನ್ ಚಾಕೊಲೇಟೂ ಇತ್ತು, ಹಾಗಾಗಿ ಹಗರಣಕ್ಕೆ ಆ ಹೆಸರೇ ಅಂಟಿಕೊಂಡಿತು. ಬರೀ ಚಾಕೊಲೇಟ್ ಆಗಿರಲಿಲ್ಲ, ಬೇರೆ ಖರ್ಚುಗಳೂ ಇದ್ದವು. ದುಡ್ಡು ವಾಪಸು ಕಟ್ಟಿದ್ದರು, ಮೊಕದ್ದಮೆಯೂ ಆಗಲಿಲ್ಲ. ಆದರೂ ಪ್ರಧಾನಿ ಸ್ಪರ್ಧೆಯಿಂದ ಹಿಂದೆ ಸರಿದರು. ಮೂರು ವರ್ಷದ ಮೇಲೆ ಮತ್ತೆ ಮಂತ್ರಿಯಾದರು, 2007ರಲ್ಲಿ ಪಕ್ಷದ ನಾಯಕಿಯೂ ಆದರು.

ಸ್ವಲ್ಪ ಅತಿಯಾಯಿತು ಅಂತ ನನಗೂ ಅನ್ನಿಸುತ್ತದೆ. ಆದರೂ ನಾನು ಸ್ವೀಡನ್ ಕಡೆಗೇ ವಾಲುತ್ತೇನೆ. ಸಣ್ಣದು ಎಲ್ಲರಿಗೂ ಅರ್ಥವಾಗುತ್ತದೆ, ದೊಡ್ಡದು ಆಗುವುದಿಲ್ಲ. ಐದು ಸಾವಿರ ಕೋಟಿ ಅಂದರೆ ಎಷ್ಟು ಅಂತ ನನಗೂ ಕಣ್ಣಿಗೆ ಕಟ್ಟುವುದಿಲ್ಲ, ಕಚೇರಿ ಕಾರ್ಡಿನಲ್ಲಿ ಮನೆಗೆ ಸಾಮಾನು ತಂದರೆ ಏನು ಅಂತ ಗೊತ್ತು. ಸಣ್ಣದನ್ನು ಕೇಳುವ ಅಭ್ಯಾಸ ಇಲ್ಲದ ಕಡೆ ದೊಡ್ಡದನ್ನು ಕೇಳೋದಕ್ಕೆ ನಾಲಗೆಯೇ ಏಳುವುದಿಲ್ಲ.

ಪ್ರಶ್ನೆ: ನಷ್ಟ ಮಾಡಿದ ಮುಖ್ಯಸ್ಥರನ್ನು ತೆಗೆದರೂ ಕೋಟಿಗಟ್ಟಲೆ ಹಣ ಕೊಟ್ಟು ಕಳಿಸುತ್ತಾರೆ. ಇದು ಶಿಕ್ಷೆಯೋ ಬಹುಮಾನವೋ?

ಉತ್ತರ: ಕರಾರು. ಕೆಲಸಕ್ಕೆ ಸೇರುವ ದಿನವೇ ಹೋಗುವ ದಿನದ ಲೆಕ್ಕ ಬರೆಸಿಕೊಂಡಿರುತ್ತಾರೆ. ಬೋಯಿಂಗ್ ಕಂಪನಿಯ 737 ಮ್ಯಾಕ್ಸ್ ವಿಮಾನಗಳು 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನಲ್ಲಿ ಬಿದ್ದು 346 ಜನ ಸತ್ತರು. ಮುಖ್ಯಸ್ಥ ಡೆನಿಸ್ ಮುಯಿಲೆನ್‌ಬರ್ಗ್ ಅವರನ್ನು ಆ ವರ್ಷದ ಡಿಸೆಂಬರ್‌ನಲ್ಲಿ ತೆಗೆದರು. ತೆಗೆದಾಗ ಕೊಡುವ ವಿಶೇಷ ಪರಿಹಾರ ಕೊಡಲಿಲ್ಲ ಅಂತ ಕಂಪನಿ ಹೇಳಿತು. ಸರಿ. ಆದರೆ ಪಿಂಚಣಿ, ಷೇರು ಎಲ್ಲ ಸೇರಿ ಅವರಿಗೆ ಬರಬೇಕಾದ ಬಾಬ್ತೇ ಸುಮಾರು 6.2 ಕೋಟಿ ಡಾಲರ್ ಇತ್ತು. ತಪ್ಪು ಅವರೊಬ್ಬರದೇ ಅಂತ ನಾನು ಹೇಳುತ್ತಿಲ್ಲ. ಆ ಮೊತ್ತವನ್ನು ಪೇಪರಿನಲ್ಲಿ ಓದಿದ ದಿನ ಸತ್ತವರ ಮನೆಯವರಿಗೆ ಹೇಗಾಗಿರಬೇಡ ಅಂತಷ್ಟೇ.

ಉಲ್ಟಾ ಉದಾಹರಣೆಯೂ ಇದೆ. ನಿಂಟೆಂಡೊ ಕಂಪನಿಯ ಆಟದ ಯಂತ್ರ ಓಡದೆ ಇದ್ದಾಗ, 2014ರಲ್ಲಿ, ಅಧ್ಯಕ್ಷ ಸಟೊರು ಇವಾಟ ಐದು ತಿಂಗಳು ತಮ್ಮ ಸಂಬಳ ಅರ್ಧ ಮಾಡಿಕೊಂಡರು. ಅಲ್ಲಿ ಯಾರೂ ಸತ್ತಿರಲಿಲ್ಲ, ಆಟದ ಸಾಮಾನು ಮಾರಾಟವಾಗಿರಲಿಲ್ಲ ಅಷ್ಟೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಪ್ರಶ್ನೆ: ನಿಮ್ಮಂಥವರು ಎಲ್ಲದಕ್ಕೂ ಲೆಕ್ಕ ಕೇಳುತ್ತಾ ಹೋದರೆ ಯಾರೂ ನಿರ್ಧಾರವನ್ನೇ ತೆಗೆದುಕೊಳ್ಳುವುದಿಲ್ಲ. ನಾನು ಮೂವತ್ತು ವರ್ಷ ಆಡಳಿತದಲ್ಲಿದ್ದವನು. ಹೆದರಿದ ಅಧಿಕಾರಿ ಫೈಲನ್ನು ಮುಂದಕ್ಕೆ ತಳ್ಳುತ್ತಾನೆ, ಕೆಲಸ ಮಾಡುವುದಿಲ್ಲ. ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯಾ?

ಉತ್ತರ: ಪೂರ್ತಿ ಉತ್ತರ ಇಲ್ಲ ಸರ್. ನೀವು ಹೇಳಿದ ಫೈಲುಗಳನ್ನು ನಾನೂ ನೋಡಿದ್ದೇನೆ. ‘ಪರಿಶೀಲಿಸಿ ಮಂಡಿಸಿ’ ಅಂತ ಬರೆಸಿಕೊಂಡು ಮೇಜಿನಿಂದ ಮೇಜಿಗೆ ಅಲೆಯುತ್ತಾ ಇರುತ್ತವೆ. ಒಳ್ಳೆಯ ಮನಸ್ಸಿನಿಂದ ನಿರ್ಧಾರ ಮಾಡಿ ಸೋತವನನ್ನು, ದುಡ್ಡು ಹೊಡೆದವನನ್ನು ಒಂದೇ ತಕ್ಕಡಿಯಲ್ಲಿ ಹಾಕುವುದು ನ್ಯಾಯವಲ್ಲ. ಅದನ್ನು ಮಾಡುವವರಿದ್ದಾರೆ, ಒಪ್ಪುತ್ತೇನೆ.

ಆದರೆ ನಿರ್ಧಾರ ಮಾಡದೆ ಇದ್ದದ್ದಕ್ಕೂ ಲೆಕ್ಕ ಕೇಳಬಹುದು, ಅದನ್ನು ಮರೆಯಬೇಡಿ. ಐಸ್‌ಲ್ಯಾಂಡಿನ ಬ್ಯಾಂಕುಗಳು 2008ರಲ್ಲಿ ಕುಸಿದಾಗ ಗೇಯರ್ ಹಾರ್ಡೆ ಪ್ರಧಾನಿ. ಮಂತ್ರಿಗಳನ್ನು ವಿಚಾರಿಸೋದಕ್ಕೆ ಅಂತಲೇ ಆ ದೇಶದಲ್ಲಿ 1905ರಿಂದ ಒಂದು ವಿಶೇಷ ನ್ಯಾಯಾಲಯ ಇತ್ತು, ಒಮ್ಮೆಯೂ ಕೂತಿರಲಿಲ್ಲ. ಇವರಿಗೋಸ್ಕರ ಮೊದಲ ಸಲ ಕೂತಿತು. ದೊಡ್ಡ ಆರೋಪಗಳೆಲ್ಲ ಬಿದ್ದುಹೋದವು. 2012ರಲ್ಲಿ ಸಾಬೀತಾಗಿದ್ದು ಒಂದೇ. ಬಿಕ್ಕಟ್ಟು ಬರುತ್ತಿದ್ದಾಗ ಅದರ ಬಗ್ಗೆ ಸಂಪುಟ ಸಭೆ ಕರೆಯಲಿಲ್ಲ ಅನ್ನೋದು. ಶಿಕ್ಷೆ ಏನೂ ಇಲ್ಲ. ‘ಇದೇನು ಮಹಾ ತಪ್ಪು’ ಅಂತ ಅನ್ನಿಸಬಹುದು. ನನಗೆ ಮಾತ್ರ ಇದು ಬಹಳ ಸೂಕ್ಷ್ಮವಾದ ತೀರ್ಪು ಅನ್ನಿಸಿತು. ಸಭೆಯೇ ಕರೆಯದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಮ್ಮ ಹಳದಿ ಚೀಟಿಯ ದೊಡ್ಡಣ್ಣ ಅದು.

ಇನ್ನು ಹೆದರಿಕೆಯ ವಿಷಯ. 1982ರಲ್ಲಿ ಶಿಕಾಗೋ ಸುತ್ತಮುತ್ತ ಟೈಲೆನಾಲ್ ಎಂಬ ನೋವಿನ ಮಾತ್ರೆ ತಿಂದು ಏಳು ಜನ ಸತ್ತರು. ಯಾರೋ ಕ್ಯಾಪ್ಸೂಲಿಗೆ ಸಯನೈಡ್ ಬೆರೆಸಿದ್ದರು. ಕಾರ್ಖಾನೆಯಲ್ಲಿ ಆದದ್ದಲ್ಲ, ತಪ್ಪು ಕಂಪನಿಯದ್ದಲ್ಲ. ಆದರೂ ಅದನ್ನು ಮಾರುತ್ತಿದ್ದ ಜಾನ್ಸನ್ ಅಂಡ್ ಜಾನ್ಸನ್ ದೇಶದುದ್ದಕ್ಕೂ ಸುಮಾರು 3.1 ಕೋಟಿ ಬಾಟಲಿ ವಾಪಸು ತರಿಸಿತು, 10 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ. ಮುಖ್ಯಸ್ಥ ಜೇಮ್ಸ್ ಬರ್ಕ್ ತಾವೇ ಟಿವಿಯಲ್ಲಿ ಬಂದು ಉತ್ತರ ಕೊಟ್ಟರು. ಮುರಿದರೆ ಗೊತ್ತಾಗುವ ಮುಚ್ಚಳದ ಜೊತೆ ಮಾತ್ರೆ ಮತ್ತೆ ಅಂಗಡಿಗೆ ಬಂತು, ಜನ ಮತ್ತೆ ಕೊಂಡರು. ಲೆಕ್ಕ ಕೇಳುತ್ತಾರೆ ಅಂತ ಆ ಮನುಷ್ಯ ಫೈಲು ಮುಂದಕ್ಕೆ ತಳ್ಳಲಿಲ್ಲ. ಅದೇ ಕಂಪನಿ ಮುಂದೆ ಬೇರೆ ವಿಷಯಗಳಿಗೆ ವರ್ಷಗಟ್ಟಲೆ ಕೋರ್ಟು ಅಲೆದಿದೆ, ಅದನ್ನೂ ಹೇಳಿಬಿಡಬೇಕು. ಒಳ್ಳೆಯತನ ಒಂದು ಸಲ ತುಂಬಿಸಿಟ್ಟರೆ ಕಾಯಂ ಇರುವ ಸರಕಲ್ಲ.

ಪ್ರಶ್ನೆ: ಜನ ಆರು ತಿಂಗಳಲ್ಲಿ ಎಲ್ಲ ಮರೆಯುತ್ತಾರೆ. ನೀವ್ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?

ಉತ್ತರ: ಆರು ತಿಂಗಳು ಅಂತ ಅಷ್ಟು ಖಚಿತವಾಗಿ ಹೇಳುತ್ತಿದ್ದೀರಿ ಅಂದರೆ ನೀವು ಮರೆತಿಲ್ಲ.

ಪ್ರಶ್ನೆ: ಇದನ್ನು ಯಾರಿಗೂ ಹೇಳಿಲ್ಲ. ನಾನು ಒಂದು ಸಂಸ್ಥೆಯಲ್ಲಿ ಸುರಕ್ಷತೆ ಪರೀಕ್ಷೆ ವಿಭಾಗದಲ್ಲಿದ್ದೇನೆ. ಪರೀಕ್ಷೆ ಅರ್ಧ ಮಾತ್ರ ಆಗಿದೆ. ಪೂರ್ತಿ ಆಗಿದೆ ಅಂತ ಬರುವ ವಾರ ನಾನು ಸಹಿ ಹಾಕಬೇಕು. ಮೇಲಿನವರು ‘ಬರೀ ಫಾರ್ಮಾಲಿಟಿ’ ಅನ್ನುತ್ತಿದ್ದಾರೆ. ಮನೆ ಸಾಲ ಇದೆ, ಇಬ್ಬರು ಮಕ್ಕಳು. ಏನು ಮಾಡಲಿ ಸರ್?

ಉತ್ತರ: ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಧೈರ್ಯ ಮಾಡಿ ಅಂತ ಇಲ್ಲಿ ಕೂತು ಬರೆಯೋದು ಸುಲಭ, ಸಾಲದ ಕಂತು ನಾನು ಕಟ್ಟುವುದಿಲ್ಲವಲ್ಲ. ಅದಕ್ಕೆ ಒಬ್ಬರ ಕತೆ ಹೇಳುತ್ತೇನೆ, ಪೂರ್ತಿ ಹೇಳುತ್ತೇನೆ.

1986ರ ಜನವರಿ 27ರ ರಾತ್ರಿ. ಮಾರನೆಯ ದಿನ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಹಾರಬೇಕು. ರಾಕೆಟ್ ಮಾಡಿಕೊಟ್ಟ ಮಾರ್ಟನ್ ಥಯೊಕಾಲ್ ಕಂಪನಿಯ ಎಂಜಿನಿಯರುಗಳು, ಚಳಿ ವಿಪರೀತ ಇದೆ, ಕೀಲುಗಳಲ್ಲಿರುವ ರಬ್ಬರ್ ಉಂಗುರ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಬೇಡ ಅಂದರು. ನಾಸಾ ಕಡೆಯಿಂದ ಒತ್ತಡ ಬಂತು. ಕಂಪನಿಯ ಮೇಲಿನವರೊಬ್ಬರು ತಮ್ಮ ಎಂಜಿನಿಯರಿಂಗ್ ಮುಖ್ಯಸ್ಥನಿಗೆ, ಎಂಜಿನಿಯರ್ ಟೋಪಿ ತೆಗೆದಿಡು, ಮ್ಯಾನೇಜರ್ ಟೋಪಿ ಹಾಕಿಕೋ ಅಂದರು. ಹಾರಿಸಬಹುದು ಅಂತ ನಿರ್ಧಾರವಾಯಿತು. ಉಡಾವಣೆ ಜಾಗದಲ್ಲಿ ಕಂಪನಿಯ ಪರವಾಗಿ ಇದ್ದವರು ಅಲನ್ ಮೆಕ್‌ಡೊನಾಲ್ಡ್. ಒಪ್ಪಿಗೆ ಪತ್ರಕ್ಕೆ ಅವರ ಸಹಿ ಬೇಕಾಗಿತ್ತು. ಅವರು ಹಾಕುವುದಿಲ್ಲ ಅಂದರು. ಅವರ ಮೇಲಿನವರು ಸಹಿ ಹಾಕಿ ಫ್ಯಾಕ್ಸ್ ಕಳಿಸಿದರು. ಬೆಳಗ್ಗೆ ನೌಕೆ ಹಾರಿ 73 ಸೆಕೆಂಡಿಗೆ ಸಿಡಿಯಿತು. ಏಳು ಜನ.

ಅಂದರೆ ಅವರು ಸಹಿ ಹಾಕದೆ ಇದ್ದದ್ದರಿಂದ ಯಾರ ಜೀವವೂ ಉಳಿಯಲಿಲ್ಲ. ಇದನ್ನು ನಿಮಗೆ ಮುಚ್ಚಿಡುವುದಿಲ್ಲ. ಆದರೆ ತನಿಖಾ ಆಯೋಗದ ಮುಂದೆ, ಕಂಪನಿ ಬೇಡ ಅಂತ ಹೇಳಿತ್ತು ಅಂತ ಹಿಂದಿನ ಸಾಲಿನಿಂದ ಎದ್ದು ಹೇಳೋದಕ್ಕೆ ಅವರೊಬ್ಬರು ಇದ್ದರು. ಹೇಳಿದ್ದಕ್ಕೆ ಕಂಪನಿ ಅವರನ್ನು ಕೆಳಗಿನ ಹುದ್ದೆಗೆ ಹಾಕಿತು. ಸಂಸತ್ ಸದಸ್ಯರು ಗುತ್ತಿಗೆಯನ್ನೇ ಕಿತ್ತುಕೊಳ್ಳುತ್ತೇವೆ ಅಂತ ಹೆದರಿಸಿದ ಮೇಲೆ ಹುದ್ದೆ ವಾಪಸು ಬಂತು, ಅದೇ ಕೀಲುಗಳನ್ನು ಹೊಸದಾಗಿ ಮಾಡುವ ಕೆಲಸದ ಮುಂದಾಳತ್ವ ಅವರಿಗೇ ಸಿಕ್ಕಿತು. ಅವರ ಸಹೋದ್ಯೋಗಿ ರೋಜರ್ ಬೋಯ್ಸ್‌ಜೋಲಿ ಕೂಡ ಅಷ್ಟೇ ಗಟ್ಟಿಯಾಗಿ ವಿರೋಧಿಸಿದ್ದರು. ಅವರಿಗೆ ಅಂಥ ಅದೃಷ್ಟ ಇರಲಿಲ್ಲ, ಕಂಪನಿ ಬಿಡಬೇಕಾಯಿತು.

ನಿಮ್ಮ ವಿಷಯಕ್ಕೆ ಬರುತ್ತೇನೆ. ‘ಆಗಲ್ಲ’ ಅಂತ ಎದುರಿಗೆ ನಿಂತು ಹೇಳಲೇಬೇಕು ಅಂತಿಲ್ಲ. ಮೊದಲು ಒಂದು ಮೇಲ್ ಹಾಕಿ, ಸೌಮ್ಯವಾಗಿಯೇ. ‘ಇಂತಿಂಥ ಪರೀಕ್ಷೆ ಇನ್ನೂ ಬಾಕಿ ಇದೆ. ಪೂರ್ತಿ ಆಗಿದೆ ಅಂತ ಬರೆಯಬೇಕು ಅಂತ ನಿನ್ನೆ ಹೇಳಿದಿರಿ, ನಾನು ಸರಿಯಾಗಿ ಕೇಳಿಸಿಕೊಂಡೆನಾ, ತಿಳಿಸಿ’ ಅಂತ. ಇಷ್ಟೇ ಸಾಕು. ಎಷ್ಟೋ ಸಲ ಈ ಮೇಲ್‌ಗೆ ಉತ್ತರವೇ ಬರುವುದಿಲ್ಲ, ಸಹಿಯ ಮಾತೂ ನಿಂತುಹೋಗುತ್ತದೆ. ಯಾಕೆ ಅಂದರೆ ಇನ್ನು ಮೇಲೆ ‘ಗೊತ್ತಿರಲಿಲ್ಲ’ ಅನ್ನೋದಕ್ಕೆ ಆಗುವುದಿಲ್ಲ. ಆದರೂ ಸಹಿ ಬೇಕೇ ಬೇಕು ಅಂದರೆ, ಆದ ಪರೀಕ್ಷೆಗಳ ಹೆಸರನ್ನು ಮಾತ್ರ ಬರೆದು, ಆಗದೆ ಇರುವುದನ್ನು ಆಗಿಲ್ಲ ಅಂತ ಬರೆದು, ಅದರ ಕೆಳಗೆ ಸಹಿ ಹಾಕಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಒಬ್ಬ ವಕೀಲರನ್ನು ಈ ವಾರವೇ ನೋಡಿ. ಮನೆಯಲ್ಲಿ ಹೇಳಿಲ್ಲ ಅಂದಿದ್ದೀರಿ, ಇವತ್ತು ರಾತ್ರಿ ಹೇಳಿಬಿಡಿ.

ಸಂಚಿಕೆ ನಿಮ್ಮ ಕೈಗೆ ಸಿಗುವಾಗ ತಡವಾಗಬಹುದು ಅಂತ ಈ ಉತ್ತರವನ್ನು ಮೊದಲೇ ನಿಮಗೆ ಕಳಿಸಿದ್ದೇನೆ. ಏನಾಯಿತು ಅಂತ ಬರೆಯಿರಿ.